ಯಂತ್ರ ಕುಡಿದ ಹೊಗೆ

“ಶುದ್ಧ ನೀರಲ್ಲೂ ಹೊಗೆಮಸಿ ಇದೆ ಅಂತಿದೆಯಲ್ಲೇ ಇದು!” ಸೋಮವಾರ ಬೆಳಿಗ್ಗೆ ಕಂಪ್ಯೂಟರ್ ಪರದೆ ನೋಡಿ ದಾಯು ಹಣೆ ಚಚ್ಚಿಕೊಂಡರು. ದ್ವೀಪದ ರಾಜಧಾನಿ ದೆನ್‌ಪಾಸಾರ್‌ನ ಆ ನೀರು ಪರೀಕ್ಷೆಯ ಲ್ಯಾಬಿಗೆ ಅವರೇ ಮುಖ್ಯಸ್ಥೆ. ಪಕ್ಕದಲ್ಲಿದ್ದ ಅರ್ಮಿನಿಯ ಮುಖ ಸಪ್ಪಗಾಯಿತು. ಹೊಸ ಯಂತ್ರದ ಉಸ್ತುವಾರಿ ಅವಳದು. ಬಾಟಲಿ ಜೋಡಿಸಿ ಗುಂಡಿ ಒತ್ತಿದರೆ ಸಾಕು, ಅದು ತಾನೇ ನೀರನ್ನು ಹೀರಿ, ಕೊಳೆಯನ್ನು ಹಿಡಿದಿಟ್ಟು, ಗಾಳಿ ಎಳೆದು ಒಣಗಿಸಿ, ಲೀಟರುಗಟ್ಟಲೆ ನೀರಿನ ಪಾಪವನ್ನೆಲ್ಲ ನಾಲ್ಕು ಹನಿಯಲ್ಲಿ ತಂದಿಡುತ್ತಿತ್ತು. ಮೊದಲು ಇದನ್ನೆಲ್ಲ ಕೈಯಲ್ಲೇ ಮಾಡಿ ಸಂಜೆಯ ಹೊತ್ತಿಗೆ ಅವಳ ಸೊಂಟ ಬಿದ್ದುಹೋಗುತ್ತಿತ್ತು.

ಯಂತ್ರದ ಮಾತನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ ಎಂದು ಪ್ರತಿ ಸಲ ಒಂದು ಬಾಟಲಿ ಶುದ್ಧ ನೀರನ್ನೂ ಜೊತೆಗಿಡುತ್ತಾರೆ. ಅದರಲ್ಲಿ ಏನೂ ಸಿಗಬಾರದು. ಸಿಕ್ಕರೆ ಉಳಿದ ಬಾಟಲಿಗಳ ಫಲಿತಾಂಶವೂ ಕಸದ ಬುಟ್ಟಿಗೆ.

“ಇದನ್ನ ವಾಪಸ್ ಕಳಿಸಿಬಿಡೋಣ.”

“ಅಯ್ಯೋ ಇಬು, ಹಾಗನ್ಬೇಡಿ!” ಎಂದಳು ಅರ್ಮಿನಿ. ಇಬು ಎಂದರೆ ಅಲ್ಲಿ ಮೇಡಂ.

ಅಷ್ಟರಲ್ಲಿ ಬಾಗಿಲಲ್ಲಿ ಸುತೇಜಾ ಅಜ್ಜನ ತಲೆ ಕಾಣಿಸಿತು. ಬೆಟ್ಟದ ಮೇಲಿನ ಊರೊಂದರ ಒರತೆಯ ಕಾವಲು ಅವನ ಪಾಲಿನದು. ಒರತೆಯ ಮೇಲ್ಗಡೆ ಪ್ಲಾಸ್ಟಿಕ್ ಗೋದಾಮೊಂದು ಸುಟ್ಟು ಬೂದಿಯಾದಾಗ, ಯಾರನ್ನೂ ಕೇಳದೆ ನೀರಿಗೆ ಬೀಗ ಹಾಕಿದವನು ಅವನೇ. ಅಂದಿನಿಂದ ಊರವರು ಕ್ಯಾನ್ ನೀರು ಹೊತ್ತು ಹೊತ್ತು ಅವನಿಗೆ ಹಿಡಿಶಾಪ ಹಾಕುತ್ತಿದ್ದಾರೆ. ಪರೀಕ್ಷೆಯಲ್ಲಿ ಮಸಿ ಕಂಡರೆ ಒರತೆಯನ್ನು ಶಾಶ್ವತವಾಗಿ ಮುಚ್ಚಬೇಕು. ಅವನ ಅಜ್ಜನ ಅಜ್ಜ ಕುಡಿದ ನೀರು ಅದು.

“ಏನು ಹೇಳಿತು ಗೆಕ್?” ಎಂದು ಕೇಳಿದ. ಆ ದ್ವೀಪದಲ್ಲಿ ಮುದುಕರು ಹುಡುಗಿಯರನ್ನು ಪ್ರೀತಿಯಿಂದ ಕರೆಯುವುದೇ ಹಾಗೆ; ಅಜ್ಜನಿಗೆ ಅವರು ಪೆಕಾಕ್ ಎನ್ನುತ್ತಾರೆ.

“ನಿಮ್ಮ ನೀರಲ್ಲೂ ಮಸಿ ಅಂತಿದೆ ಪೆಕಾಕ್, ನಮ್ಮ ಶುದ್ಧ ನೀರಲ್ಲೂ ಅಂತಿದೆ. ಯಂತ್ರಕ್ಕೇ ಏನೋ ಆಗಿದೆ.”

“ಆಗೋ ಮಾತೇ ಇಲ್ಲ! ನಾನೇ ಪೂಜೆ ಮಾಡಿದ್ದೀನಲ್ಲ!”

ಇಬ್ಬರೂ ತಿರುಗಿ ಅವನನ್ನೇ ನೋಡಿದರು.

“ಶನಿವಾರ ಲೋಹದ ಹಬ್ಬ ಇರ್ಲಿಲ್ವಾ? ಕತ್ತಿಯಿಂದ ಹಿಡಿದು ಮೋಟಾರ್ ಬೈಕ್‌ವರೆಗೂ ಎಲ್ಲಕ್ಕೂ ಪೂಜೆ ಆಗೋ ದಿನ. ನಾನು ಒರತೆ ನೀರು ತಂದಾಗ ನೀನು ನನ್ನ ಇಲ್ಲೇ ಕೂರಿಸಿ ಊಟಕ್ಕೆ ಹೋದೆ. ನೋಡ್ತೀನಿ, ಯಂತ್ರದ ಮೇಲೆ ಹೂವಿನ ತಟ್ಟೆ ಇದೆ, ಊದುಬತ್ತಿ ಇದೆ, ಹಚ್ಚೇ ಇಲ್ಲ! ಪೇಟೆ ಹುಡುಗಿ, ಪಾಪ, ಮರೆತಿದ್ದಾಳೆ ಅಂದ್ಕೊಂಡೆ.”

“ಮರೆತಿರ್ಲಿಲ್ಲ ಪೆಕಾಕ್. ಈ ಕೋಣೇಲಿ ಹೊಗೆ ಆಗ್ಬಾರ್ದು ಅಂತಾನೇ ಹಚ್ಚಿರ್ಲಿಲ್ಲ,” ಅರ್ಮಿನಿಯ ದನಿ ಸಣ್ಣಗಾಯಿತು. “ಒಂದು ಕಡ್ಡಿ ತಾನೇ ಹಚ್ಚಿದ್ದು?”

“ನಮ್ಮೂರ ನೀರಿನ ನ್ಯಾಯ ಹೇಳೋ ಯಂತ್ರ, ಅದಕ್ಕೆ ಒಂದೇ ಕಡ್ಡಿನಾ? ಜೇಬಲ್ಲಿ ಒಂದು ಕಟ್ಟೇ ಇತ್ತು, ಪೂರ್ತಿ ಹಚ್ಚಿದೆ. ಅಲ್ಲಿ ಸುಯ್ ಅಂತ ಗಾಳಿ ಎಳ್ಕೊಳ್ತಿತ್ತಲ್ಲ, ಅದರ ಬಾಯಿಗೇ ಹಿಡಿದೆ. ಒಂಚೂರೂ ಹೊರಗೆ ಬಿಡ್ಲಿಲ್ಲ ಕಣಮ್ಮ, ಎಲ್ಲ ಒಳಗೆ ತಗೊಳ್ತು. ಅದರ ಭಕ್ತಿ ನೋಡಿ ನನಗೆ ಕಣ್ಣಲ್ಲಿ ನೀರೇ ಬಂತು!”

ಬೈಯಲೆಂದು ಬಾಯಿ ತೆರೆದ ದಾಯು ನಕ್ಕೂ ನಕ್ಕೂ ಕುರ್ಚಿಯಲ್ಲಿ ಕುಸಿದರು. ಅರ್ಮಿನಿಗೆ ಮಾತ್ರ ನಗು ಬರಲಿಲ್ಲ. ಒರತೆಯ ನೀರಿನ ಇನ್ನೊಂದು ಬಾಟಲಿಯನ್ನು ಅವಳು ಫ್ರಿಜ್ಜಿನಲ್ಲಿ ಎತ್ತಿಟ್ಟಿದ್ದಳು, ಅದೇ ಪುಣ್ಯ. ಯಂತ್ರವನ್ನು ಉಜ್ಜಿ ತೊಳೆದು ಮತ್ತೆ ಓಡಿಸಿದಳು. ಅಜ್ಜನನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ, ಅವನ ಬೆಂಕಿಪೊಟ್ಟಣವನ್ನು ದಾಯು ತಮ್ಮ ಮೇಜಿನೊಳಗೆ ಹಾಕಿ ಬೀಗ ಜಡಿದರು. ಯಂತ್ರ ಕೀ ಎಂದಾಗಲೆಲ್ಲ ಅವನು ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದ. ಮಸಿ ನಿಜವಾಗಿಯೂ ಇದ್ದರೆ ಈ ಮುಖಕ್ಕೆ ಹೇಗೆ ಹೇಳಲಿ ಎಂದು ಅರ್ಮಿನಿ ಅತ್ತ ತಿರುಗಲೇ ಇಲ್ಲ.

ಸಂಜೆ ಫಲಿತಾಂಶ ಬಂತು. ಶುದ್ಧ ನೀರಿನಲ್ಲಿ ಏನೂ ಇರಲಿಲ್ಲ. ಅವಳು ಮುಂದಿನ ಸಾಲು ನೋಡಿದಳು. ಆಮೇಲೆ ಹೊರಗೆ ಓಡಿದಳು.

“ಏನೂ ಇಲ್ಲ ಪೆಕಾಕ್! ನಿಮ್ಮ ಒರತೆ ಚೆನ್ನಾಗಿದೆ!”

ಅಜ್ಜ ಕೂಡಲೇ ಊರಿಗೆ ಫೋನ್ ಹಚ್ಚಿ, “ಬೀಗ ತೆಗೀರಿ, ನೀರಿಗೇನೂ ಆಗಿಲ್ಲ,” ಎಂದ. ಅಷ್ಟೇ ತಡ. ಫೋನಿನಿಂದ ಇಡೀ ಊರೇ ಒಟ್ಟಿಗೆ ಅರಚಿತು. ಏನೂ ಆಗದ ನೀರಿಗೆ ಬೀಗ ಜಡಿದು ನಮ್ಮ ಪ್ರಾಣ ಹಿಂಡಿದೆಯಲ್ಲೋ ಮುದುಕಾ, ನಿನ್ನ ಮನೆ ಹಾಳಾಗ, ಹೊತ್ತು ಹೊತ್ತು ನಮ್ಮ ಹೆಗಲು ಬಿದ್ದುಹೋಯಿತಲ್ಲೋ! ಅಜ್ಜ ಫೋನನ್ನು ಕಿವಿಯಿಂದ ದೂರ ಹಿಡಿದ. ಅರ್ಮಿನಿಗೆ ಪಿಚ್ಚೆನಿಸಿತು.

“ಅವರ ಒಳ್ಳೇದಕ್ಕೇ ಮುಚ್ಚಿದ್ದು ಅಂತ ಹೇಳಿ ಪೆಕಾಕ್.”

“ಬೈಯಲಿ ಬಿಡು ಗೆಕ್,” ಅಜ್ಜನ ಮುಖ ಅರಳಿತ್ತು. “ಕಾಯಿಲೆ ಬಿದ್ದಿದ್ರೆ ಇಷ್ಟು ಗಟ್ಟಿಯಾಗಿ ಬೈಯೋಕೆ ಆಗ್ತಿತ್ತಾ?”