ಅಲುತ್‌ಕಡೆಯ ಮೆಟ್ಟಿಲು

ಇದನ್ನು ಹೇಳುವ ಯೋಗ್ಯತೆ ನನಗಿದೆಯೇ ಎಂದು ಬಹಳ ದಿನ ಯೋಚಿಸಿದೆ. ಇದು ಇನ್ನೊಬ್ಬರ ಸಂಕಟ. ತಪ್ಪಾಗಿ ಹೇಳಿದ್ದರೆ ಓದುವವರು ಮನ್ನಿಸಬೇಕು.

ಕೊಲಂಬೊದ ಬೊರೆಲ್ಲಾ ವೃತ್ತದಲ್ಲಿ ಪಿಯಸೀಲಿ ಕೈಮಾಡಿ ಆಟೋ ನಿಲ್ಲಿಸಿದಳು. ಜೊತೆಗಿದ್ದ ಮಾರ್ಲೀನ್ ಬೇಡವೆಂದು ತಲೆಯಾಡಿಸಿದಳು.

“ನಾವು ಕಾಲ್ನಡಿಗೆಯಲ್ಲಿಯೇ ಹೋಗೋಣ, ಅಮ್ಮ. ತಾವು ನನ್ನನ್ನು ಎತ್ತಿಕೊಂಡು ಸಂಚರಿಸಿದ ಬೀದಿಗಳೆಲ್ಲವನ್ನೂ ನಾನು ಕಾಣಬೇಕಾಗಿದೆ.”

ಆಟೋದವನು ಬಾಯ್ತುಂಬ ನಕ್ಕ. “ಹುಣ್ಣಿಮೆ ದಿನ ಬುದ್ಧ ವಿಹಾರದಲ್ಲಿ ಭಂತೆಯವರ ಉಪದೇಶ ಕೇಳ್ದಂಗಾಯ್ತು! ಇನ್ನೊಂದು ಮಾತಾಡಿದ್ರೆ ನಾನು ‘ಸಾಧು ಸಾಧು’ ಅಂದ್ಬಿಡ್ತೀನಿ. ಎಲ್ಲಿಂದ ಕರ್ಕೊಂಡು ಬಂದ್ರಿ ಅಮ್ಮಾ ಇವರನ್ನ?”

“ನನ್ನ ಮಗಳು ಕಣಪ್ಪಾ. ಹಾಲೆಂಡಲ್ಲಿ ಬೆಳೆದಿದ್ದು. ನಾವು ನಡ್ಕೊಂಡೇ ಹೋಗ್ತೀವಿ, ನೀನು ಹೊರಡು.”

ಆ ಮಾತನ್ನು ಪಿಯಸೀಲಿ ನಾಲ್ಕು ಜನರ ಎದುರು ಹೇಳಿದ್ದು ಅದೇ ಮೊದಲು. ಬಾಯಿಗೆ ಸಿಹಿಯಾಯಿತು.

ಮಾರ್ಲೀನಳ ಮೈಬಣ್ಣ, ಕೂದಲು ಇಲ್ಲಿಯವೇ. ಉದ್ದುದ್ದ ಹೆಜ್ಜೆ ಮಾತ್ರ ಪರದೇಶದ್ದು. ಆರು ವಾರದ ಕೂಸಾಗಿದ್ದಾಗ ಡಚ್ ದಂಪತಿ ದತ್ತು ತೆಗೆದುಕೊಂಡು ಹೋಗಿದ್ದರು. ಮೂವತ್ತನಾಲ್ಕು ವರ್ಷದ ಮೇಲೆ, ಪುಸ್ತಕ ಹಿಡಿದು ಸಿಂಹಳ ಕಲಿತು, ಮರಳಿದ್ದಳು. ಅವಳ ಬಳಿ ಒಂದು ಫೋಟೋ ಇತ್ತು: ಅಲುತ್‌ಕಡೆ ಕೋರ್ಟಿನ ಮೆಟ್ಟಿಲು, ಆ ದಂಪತಿ, ನಡುವೆ ಕೂಸನ್ನೆತ್ತಿಕೊಂಡ ಹರೆಯದ ಹೆಣ್ಣು. ಹೆತ್ತವಳನ್ನು ಹುಡುಕಲು ಅವಳು ಅದನ್ನು ಇಲ್ಲಿನ ಪತ್ರಿಕೆಯಲ್ಲಿ ಹಾಕಿಸಿದಾಗ, ಹುಬ್ಬಿನ ಮೇಲಿನ ಮಚ್ಚೆ ಗುರುತಿಸಿ ಪಕ್ಕದ ಮನೆಯವರು ಪಿಯಸೀಲಿಯ ಮುಂದೆ ಹಿಡಿದರು. ಇದು ನಾನೇ ಎಂದಳು. ಸುಳ್ಳೇನಲ್ಲ.

ಗಂಡ ಸತ್ತು ಒಂಬತ್ತು ವರ್ಷ. ಅಮ್ಮ ಎಂದು ಕರೆಯುವವರು ಮನೆಯಲ್ಲಿ ಯಾರೂ ಇರಲಿಲ್ಲ. ಇದೊಂದು ಹಗಲು ಸುಸೂತ್ರವಾಗಿ ಕಳೆದರೆ ಮಗಳು ಉಳಿಯುತ್ತಾಳೆ. ವರ್ಷಕ್ಕೊಮ್ಮೆ ಬರುವುದಾಗಿ ಕಾಗದದಲ್ಲಿ ಬರೆದಿದ್ದಳು. ಒಂದು ಪ್ರಶ್ನೆ ಮಾತ್ರ ಬರಬಾರದು. ನನ್ನನ್ನು ಯಾಕೆ ಕೊಟ್ಟುಬಿಟ್ಟೆ? ಅದಕ್ಕೂ ಒಂದು ಉತ್ತರವನ್ನು ಪಿಯಸೀಲಿ ವಾರವಿಡೀ ಕನ್ನಡಿಯ ಮುಂದೆ ಹೇಳಿ ಹೇಳಿ ರೂಢಿ ಮಾಡಿಕೊಂಡಿದ್ದಳು.

ಹೆರಿಗೆ ಆಸ್ಪತ್ರೆಯ ಎದುರು ಮಾರ್ಲೀನ್ ನಿಂತಳು. “ನಾನು ಯಾವ ಕಟ್ಟಡದಲ್ಲಿ ಜನಿಸಿದೆ?”

ಪಿಯಸೀಲಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. “ಎಲ್ಲಾ ಒಡೆದು ಹೊಸದಾಗಿ ಕಟ್ಟಿದಾರೆ ಮಗಳೇ. ಗುರುತೇ ಸಿಗಲ್ಲ.”

“ಯಾವ ಹೊತ್ತಿನಲ್ಲಿ?”

“ಬೆಳಗಿನ ಜಾವ. ಹೊರಗೆ ಮಳೆ ಹುಯ್ತಿತ್ತು.”

ಮಾರ್ಲೀನ್ ಪುಟ್ಟ ಪುಸ್ತಕ ತೆಗೆದು ಬರೆದುಕೊಂಡಳು.

ಮರದಾನ ಸೇತುವೆ ಏರುವಾಗ ಪಿಯಸೀಲಿಯ ಮಂಡಿ ಹಿಡಿದುಕೊಂಡಿತು. ಬಿಸಿಲು ನೆತ್ತಿಗೆ ಬಂದಿತ್ತು. ಮಾರ್ಲೀನ್ ಎಳನೀರು ಕುಡಿಸಿದಳು, ತೋಳು ಕೊಟ್ಟಳು. ನಡಿಗೆ ಮಾತ್ರ ನಿಲ್ಲಿಸಲಿಲ್ಲ.

ಅಲುತ್‌ಕಡೆ ತಲುಪಿದ ಮೇಲೆ ಪಿಯಸೀಲಿ ತಡವರಿಸಲಿಲ್ಲ. ಕಪ್ಪು ಕೋಟಿನವರ ನಡುವೆ ನುಸುಳಿ, ಎರಡು ತಿರುವು ದಾಟಿ, ನೆಟ್ಟಗೆ ಆ ಮೆಟ್ಟಿಲಿಗೇ ಕರೆತಂದಳು. ಬದಿಯಲ್ಲಿ ವೀಳ್ಯದೆಲೆ ಮಾರುತ್ತಿದ್ದ ಮುದುಕಿ ಕಣ್ಣು ಕಿರಿದು ಮಾಡಿ ನೋಡಿದಳು.

“ಅಯ್ಯೋ, ಪಿಯಸೀಲಿ ಅಲ್ವೇನೇ! ಇನ್ನೂ ಬದುಕಿದೀಯಾ? ಆಗೆಲ್ಲ ವಾರ ತಪ್ಪಿದ್ರೂ ನೀನು ತಪ್ತಿರ್ಲಿಲ್ಲ!”

“ಜಮೀನಿನ ಕೇಸಿತ್ತಲ್ಲಕ್ಕಾ.”

“ಯಾವ ಜಮೀನೇ? ಕಾಲು ಚಾಚಕ್ಕೆ ಜಾಗ ಇರ್ಲಿಲ್ಲ ನಿಂಗೆ!” ಮುದುಕಿ ನಕ್ಕು ಕೆಂಪಗೆ ಉಗಿದಳು.

ಮಾರ್ಲೀನ್ ನಗಲಿಲ್ಲ. ಅವಳಿಗೆ ಆಡುಮಾತು ಅಷ್ಟಾಗಿ ತಿಳಿಯುವುದಿಲ್ಲವೆಂದು ಪಿಯಸೀಲಿ ಸಮಾಧಾನ ಮಾಡಿಕೊಂಡಳು.

“ಮೂರನೆಯ ಮೆಟ್ಟಿಲಿನಲ್ಲಿ ನಿಲ್ಲಿ, ಅಮ್ಮ. ಮಗುವನ್ನು ಹಿಡಿದಂತೆ ಕೈಗಳನ್ನು ಹಿಡಿಯಿರಿ.”

ಪಿಯಸೀಲಿ ಖಾಲಿ ತೋಳು ಮಡಚಿ ನಿಂತಳು. ತೋಳು ಆ ಭಂಗಿಯನ್ನು ಮರೆತಿರಲಿಲ್ಲ. ಮಾರ್ಲೀನ್ ಫೋಟೋ ತೆಗೆದಳು.

“ಆ ದಿನ ತಾವು ಯಾವ ಬಣ್ಣದ ಸೀರೆ ಉಟ್ಟಿದ್ದಿರಿ?”

“ನೀಲಿ.”

“ನನ್ನ ಚಿತ್ರದಲ್ಲಿ ಹಸಿರು.”

“ಹಳೇ ಫೋಟೋ ಅಲ್ವಾ ಮಗಳೇ, ಬಣ್ಣ ತಿರುಗಿರುತ್ತೆ.”

ಅದನ್ನೂ ಮಾರ್ಲೀನ್ ಬರೆದುಕೊಂಡಳು.

ಪೆಟ್ಟಾ ಪೇಟೆಯ ನೂಕುನುಗ್ಗಲಿನಲ್ಲಿ ಪಿಯಸೀಲಿ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದಳು. ಬಟ್ಟೆ ಅಂಗಡಿಯವನು ಕೂಗಿದ: “ಮೂಗು ನೋಡಿದ್ರೇ ಗೊತ್ತಾಗುತ್ತೆ ಅಮ್ಮ ಮಗಳು ಅಂತ! ಬನ್ನಿ, ಇಬ್ಬರಿಗೂ ಒಂದೇ ಥರದ್ದು ಕೊಡ್ತೀನಿ!” ಪಿಯಸೀಲಿ ಹೆಮ್ಮೆಯಿಂದ ಮಗಳ ಮುಖ ನೋಡಿದಳು. ಮಗಳು ಅಂಗಡಿಯವನನ್ನು ನೋಡುತ್ತಿದ್ದಳು.

ಗಾಲ್ ಫೇಸ್ ದಂಡೆ ತಲುಪುವಾಗ ಸೂರ್ಯ ಕಡಲಿನತ್ತ ಜಾರಿದ್ದ. ಇಬ್ಬರೂ ಕಟ್ಟೆಯ ಮೇಲೆ ಕೂತು ಸೀಗಡಿ ವಡೆ ತಿಂದರು. ಪಿಯಸೀಲಿಯ ಪಾದ ಬೊಬ್ಬೆಯೆದ್ದಿತ್ತು. ಆದರೆ ಹಗಲು ಮುಗಿದಿತ್ತು. ಆ ಪ್ರಶ್ನೆ ಬಂದಿರಲಿಲ್ಲ.

“ಬರೋ ವರ್ಷ ಹೋಟೆಲ್ಲಲ್ಲಿ ಇಳ್ಕೋಬೇಡ ಮಗಳೇ. ಮನೆಗೇ ಬಾ. ಹಾಲನ್ನ ಮಾಡಿ ಬಡಿಸ್ತೀನಿ.”

“ತಾವು ನನ್ನನ್ನು ಯಾಕೆ ಕೊಟ್ಟಿರಿ ಎಂದು ನಾನು ಕೇಳುವುದಿಲ್ಲ,” ಎಂದಳು ಮಾರ್ಲೀನ್.

ಪಿಯಸೀಲಿಯ ಕಣ್ಣು ತುಂಬಿತು. “ನೀನು ದೊಡ್ಡ ಮನಸ್ಸಿನವಳು.”

ಮಾರ್ಲೀನ್ ಬೆರಳು ಒರೆಸಿಕೊಂಡು, ಚೀಲದಿಂದ ಲಕೋಟೆ ತೆಗೆದು, ಒಂದೊಂದಾಗಿ ಫೋಟೋಗಳನ್ನು ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು. ಬೇರೆ ಬೇರೆ ಬಿಳಿಯ ದಂಪತಿಗಳು. ಬೇರೆ ಬೇರೆ ಕೂಸುಗಳು.

“ನಾವು ಏಳು ಜನರಿದ್ದೇವೆ. ಎಲ್ಲರೂ ಒಂದೇ ವರ್ಷದಲ್ಲಿ ಹುಟ್ಟಿದವರು. ಏಳು ಚಿತ್ರಗಳಲ್ಲಿಯೂ ತಾಯಿ ತಾವೇ. ನಾಳೆ ಎರಡನೆಯವಳು ಬರುತ್ತಾಳೆ, ಅವಳೊಂದಿಗೂ ನಡೆಯಿರಿ.”

ದತ್ತು ದಲ್ಲಾಳಿಗಳು ಕೊಡುತ್ತಿದ್ದ ಕಾಸಿಗೆ, ಹೆತ್ತವಳೆಂದು ಜಡ್ಜರ ಮುಂದೆ ನಿಂತು ಸಹಿ ಹಾಕುವುದಷ್ಟೇ ಪಿಯಸೀಲಿಯ ಕೆಲಸವಾಗಿತ್ತು. ಕೂಸುಗಳು ಯಾರವೆಂದು ಅವಳು ಅಂದು ಕೇಳಿರಲಿಲ್ಲ, ನನಗೂ ಗೊತ್ತಿಲ್ಲ.