ಬಾಯಿ ಕಟ್ಟಿದ ಜೀಪು

ಇದು ಅಳಿಯನದೇ ಕೈವಾಡ. ನೀಲಕಂಠನಿಗೆ ಆ ಬಗ್ಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಜಗತ್ ಸರ್ಕಲ್ಲಿನ ಹಿಂದಿನ ಗಲ್ಲಿಯಲ್ಲಿ, ಮಸೀದಿಯ ಗೋಡೆಗೆ ಹತ್ತಿಕೊಂಡೇ ಅವನ ಕಾರ್ ಸ್ಟೀರಿಯೊ ಅಂಗಡಿ. ಮೂವತ್ತು ವರ್ಷದಿಂದ ಕಲಬುರಗಿಯ ಕಾರುಗಳಿಗೆ ದನಿ ಕೊಟ್ಟ ಕೈ ಅವನದು. ಆದರೆ ಈ ವರ್ಷ ಆ ಕೈ ಎರಡು ಸಲ ತಪ್ಪಿತ್ತು. ಒಂದು ಕಾರಿನ ತಂತಿ ಸುಟ್ಟಿತು. ಇನ್ನೊಂದರಲ್ಲಿ ಹಾಡು ಹಾಕಿದರೆ ಹಾರ್ನು ಕೂಗಿತು. ಹೆಂಡತಿ ಶಿವಕಾಂತಮ್ಮ ಅಂದೇ ಮಾತು ತೆಗೆದುಕೊಂಡಿದ್ದಳು: ಇನ್ನೊಂದು ಸಲ ತಪ್ಪಿದರೆ ಅಂಗಡಿಯ ಕೀಲಿಕೈ ಅಳಿಯ ಗುರುಪ್ರಸಾದನಿಗೆ. ಆಮೇಲೆ ಅವನು ಅಲ್ಲಿ ಮೊಬೈಲ್ ಕವರ್ ಮಾರುತ್ತಾನೆ. ಮೊಬೈಲ್ ಕವರ್!

ಆ ಇನ್ನೊಂದು ಸಲ ಇವತ್ತೇ ಬಂದಂತಿತ್ತು.

ಬೆಳಿಗ್ಗೆ ಕಮಲಾಪುರದಿಂದ ಸಲಾವುದ್ದೀನ್ ತನ್ನ ಹಳೆಯ ಜೀಪು ತಂದಿದ್ದ. ಹಿಂದಿನ ಸೀಟಿನ ತುಂಬ ಊರಿನ ಕೆಂಪು ಬಾಳೆಹಣ್ಣು. ಸಂಜೆ ಮಗ ಫೈಜಾನನ ಮದುವೆ ಮೆರವಣಿಗೆ.

“ಏಳಕ್ಕ ಬರಾತ್ ಹೊಂಡ್ತದ ಉಸ್ತಾದ್. ಹಾಡಿನ ಡೆಕ್ ಹತ್ತತದ, ಆಂಪ್ಲಿಫೈಯರಿನ ದೀಪಾನೂ ಹತ್ತತದ. ಸ್ಪೀಕರ್ ಮಾತ್ರ ಗಪ್‌ಚಿಪ್. ಹಿಂಗೇ ಹೋದ್ರ ಮಂದಿ ಏನಂತಾರ? ಮದುಮಗ ಕದ್ದು ಓಡಿ ಹೊಂಟಾನ ಅಂತಾರ!”

ನೀಲಕಂಠ ಒಂದೊಂದೇ ನೋಡುತ್ತ ಬಂದ. ಫ್ಯೂಸು ಸರಿ. ಸ್ಪೀಕರಿನ ತಂತಿಗೆ ಸಣ್ಣ ಸೆಲ್ ಮುಟ್ಟಿಸಿದರೆ ಪಟ್ ಪಟ್ ಎಂದಿತು, ಜೀವವಿತ್ತು. ಕೊನೆಗೆ ಸೀಟಿನ ಕೆಳಗೆ ಕಳ್ಳ ಸಿಕ್ಕ. ಡೆಕ್ಕಿನಿಂದ ಆಂಪ್ಲಿಫೈಯರಿಗೆ ಹಾಡು ಒಯ್ಯುವ ತಂತಿಯನ್ನು ಇಲಿ ಕಡಿದಿತ್ತು. ಹೊಸದು ಹಾಕಿ, ಡ್ರೈವರ್ ಸೀಟಿನಲ್ಲಿ ಕುಳಿತು ಚಾಲು ಮಾಡಿದ. ಢೋಲಿನ ಬಡಿತಕ್ಕೆ ಅಂಗಡಿಯ ತಗಡು ನಡುಗಿತು. ಸಲಾವುದ್ದೀನ್ ರಸ್ತೆಯಲ್ಲೇ ಎರಡು ಹೆಜ್ಜೆ ಕುಣಿದ. ನೀಲಕಂಠನಿಗೆ ಹತ್ತು ವರ್ಷ ಕಡಿಮೆಯಾದಂತೆ ಖುಷಿಯಾಯಿತು.

ಆ ಹಾಡು ಮುಗಿಯುವ ಮೊದಲೇ ಮಧ್ಯಾಹ್ನದ ಅಜಾನ್ ಕೇಳಿಸಿತು. ಗಲ್ಲಿ ಎಂದಿನಂತೆ ತಣ್ಣಗಾಯಿತು. ಸೋಡಾ ಅಂಗಡಿಯ ರೇಡಿಯೊ, ದರ್ಜಿ ದೌಲಪ್ಪನ ಟಿ.ವಿ., ಎಲ್ಲವೂ ಸುಮ್ಮನಾದವು. ಇಲ್ಲಿ ಅದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಉಸಿರಾಡಿದಷ್ಟು ರೂಢಿ. ಸಲಾವುದ್ದೀನ್ ನಮಾಜಿಗೆ ಹೋದ. ನೀಲಕಂಠ ಜೀಪಿನಿಂದ ಇಳಿದು ಊಟಕ್ಕೆ ಕುಳಿತ. ಶಿವಕಾಂತಮ್ಮ ತಂದಿದ್ದ ಜೋಳದ ರೊಟ್ಟಿ, ಪುಂಡಿಪಲ್ಯ ಅವತ್ತು ವಿಶೇಷ ರುಚಿಯಾಗಿತ್ತು.

ಊಟ ಮುಗಿಸಿ ಬಂದು ನೋಡಿದರೆ ಜೀಪಿನ ಬಾಯಿ ಮತ್ತೆ ಕಟ್ಟಿತ್ತು.

ಡೆಕ್ಕಿನ ನೀಲಿ ದೀಪ ಉರಿಯುತ್ತಲೇ ಇತ್ತು. ಅಕ್ಷರ ತೋರಿಸುವ ಪರದೆ ಸತ್ತು ಎರಡು ವರ್ಷವಾಗಿತ್ತು, ಅದು ಹೊಸ ಸುದ್ದಿಯಲ್ಲ. ಹೊಸ ಸುದ್ದಿ ಬೇರೆ ಇತ್ತು: ಡ್ರೈವರ್ ಸೀಟಿನ ಮೇಲೆ ಬಾಳೆಹಣ್ಣಿನ ಕೆಂಪು ಸಿಪ್ಪೆ.

“ಯಾರ ಕುಂತಿದ್ರು ಇಲ್ಲಿ?”

“ನಾನೇ ಮಾವಾ,” ಎಂದ ಅತ್ತೆಯ ಜೊತೆ ಬಂದಿದ್ದ ಗುರುಪ್ರಸಾದ. “ಬಿಸಲಿತ್ತಂತ ಒಳಗ ಕುಂತು ಫೋನ್ ಮಾಡಾಕತ್ತಿದ್ದೆ. ಏನೂ ಮುಟ್ಟಿಲ್ರಿ.”

“ಮುಟ್ಟಿಲ್ಲಂದ್ರ ಹಾಡ ಎಲ್ಲಿ ಹೋಯ್ತು?”

“ನಾ ಬಂದಾಗ ಹಾಡೇ ಇದ್ದಿಲ್ರಿ.”

ಕಳ್ಳನಿಗೊಂದು ಪಿಳ್ಳೆ ನೆವ. ನೀಲಕಂಠ ಹಲ್ಲು ಕಚ್ಚಿ ಕೆಲಸಕ್ಕೆ ಇಳಿದ. ವಾಲ್ಯೂಮ್ ಪೂರ್ತಿ ತಿರುಗಿಸಿದ, ಪಿಟ್ಟೆನ್ನಲಿಲ್ಲ. ಹೊಸ ತಂತಿ ತೆಗೆದು ಇನ್ನೊಂದು ಹಾಕಿದ, ಅದೇ ಮೌನ. ಆಂಪ್ಲಿಫೈಯರಿಗೆ ಹಾಡು ಹೋಗುವ ತುದಿಗೆ ಬೆರಳು ತಾಗಿಸಿದರೆ ಸ್ಪೀಕರುಗಳು ಗುಂಯ್ ಎಂದವು. ಅಂದರೆ ಆಂಪ್ಲಿಫೈಯರೂ ಸಾಚಾ, ಸ್ಪೀಕರುಗಳೂ ಸಾಚಾ. ಡೆಕ್ಕೇ ಹಾಡನ್ನು ಬಿಟ್ಟುಕೊಡುತ್ತಿಲ್ಲ. ಊಟಕ್ಕೆ ಮುಂಚೆ ಕುಣಿಸಿದ ಡೆಕ್ಕು, ಅಳಿಯ ಕುಳಿತು ಎದ್ದ ಮೇಲೆ ಹೇಗೆ ಸತ್ತಿತು? ಏನೋ ಮಾಡಿದ್ದಾನೆ. ಏನು ಮಾಡಿದ್ದಾನೆ ಎಂಬುದು ಮಾತ್ರ ತಿಳಿಯಲಿಲ್ಲ, ಮತ್ತು ತಿಳಿಯದೆ ಹೋದದ್ದೇ ಅವನನ್ನು ಹೆಚ್ಚು ಹೆದರಿಸಿತು.

ಐದು ಗಂಟೆಯಾಗುತ್ತ ಬಂತು. ಸಲಾವುದ್ದೀನ್ ಮೂರನೇ ಸಲ ಗಡಿಯಾರ ನೋಡಿದ.

“ಬಿಡ್ರಿ ಉಸ್ತಾದ್. ಕಮಲಾಪುರ ಮುಟ್ಟಬೇಕಲ್ಲ. ಯಾರರೇ ಬ್ಯಾಂಡಿನವ್ರು ಸಿಗ್ತಾರೇನು ನೋಡ್ತೀನಿ.”

ಬೈದಿದ್ದರೆ ನೀಲಕಂಠ ತಡೆದುಕೊಳ್ಳುತ್ತಿದ್ದ. ಈ ಮೆತ್ತನೆಯ ಮಾತಿಗೆ ಅವನ ಕಣ್ಣು ತುಂಬಿತು. ಶಿವಕಾಂತಮ್ಮ ಚಹಾ ತಂದಳು. ಗಂಡನ ಮುಖ ನೋಡಿದಳು, ಅಷ್ಟೇ ಸಾಕಾಯಿತು. ಡ್ರೈವರ್ ಸೀಟಿನಲ್ಲಿ ಕುಳಿತಲ್ಲಿಂದಲೇ ನೀಲಕಂಠ ಜೇಬಿನಿಂದ ಅಂಗಡಿಯ ಕೀಲಿಕೈ ತೆಗೆದ.

“ತಗೋಳಪ್ಪ. ನೀ ಗೆದ್ದಿ.”

“ಏ ಮಾವಾ, ಮನಸಿಗಿ ಹಚ್ಕೋಬ್ಯಾಡ್ರಿ,” ಎಂದು ಗುರುಪ್ರಸಾದ ಕಿಟಕಿಯ ಬಳಿ ಬಂದ. “ನಿಮ್ಮ ಕೈ ಸುಮ್ನ ಕುಂಡ್ರೂ ಕೈ ಅಲ್ಲ. ಕವರ್ ಹಾಕೂದ ನಾ ಕಲಿಸ್ತೀನಿ.”

ಅಷ್ಟರಲ್ಲಿ ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಶುರುವಾಯಿತು. ಸೋಡಾ ಅಂಗಡಿಯ ರೇಡಿಯೊ ನಿಂತಿತು. ದೌಲಪ್ಪನ ಟಿ.ವಿ. ನಿಂತಿತು. ನೀಲಕಂಠನ ಬಲಗೈ ಕೀಲಿಕೈ ಹಿಡಿದು ಅಳಿಯನತ್ತ ಚಾಚಿತ್ತು. ಎಡಗೈ ಮಾತ್ರ, ಯಾರ ಅಪ್ಪಣೆಗೂ ಕಾಯದೆ, ತನ್ನಷ್ಟಕ್ಕೆ ತಾನೇ ಹೋಗಿ ಡೆಕ್ಕಿನ ಮೂಲೆಯ, ದನಿ ಅಡಗಿಸುವ ಮ್ಯೂಟ್ ಗುಂಡಿಯನ್ನು ಒತ್ತಿತು. ಪೂರ್ತಿ ತಿರುಗಿಸಿಟ್ಟ ವಾಲ್ಯೂಮಿನಲ್ಲಿ ಫೈಜಾನನ ಬರಾತಿನ ಢೋಲು ಇಡೀ ಗಲ್ಲಿ ಬೆಚ್ಚುವಂತೆ ಸಿಡಿಯಿತು. ಗಾಬರಿಯಲ್ಲಿ ಅದೇ ಬೆರಳು ಅದೇ ಗುಂಡಿಯನ್ನು ಮತ್ತೆ ಒತ್ತಿತು. ಜೀಪು ಮೂಕಾಯಿತು.

ಮಧ್ಯಾಹ್ನದ ಅಜಾನಿಗೂ ಹೀಗೆಯೇ ಒತ್ತಿ ಊಟಕ್ಕೆ ಇಳಿದಿದ್ದ ಆ ಎಡಗೈಯನ್ನು ನೀಲಕಂಠ ಒಂದು ಕ್ಷಣ ನೋಡಿದ. ಬಲಗೈಯಲ್ಲಿದ್ದ ಕೀಲಿಕೈಯನ್ನು ಮೆಲ್ಲಗೆ ಮರಳಿ ಜೇಬಿಗೆ ಹಾಕಿಕೊಂಡ.