ಪೇಟದ ವೇಳಾಪಟ್ಟಿ

ಸನ್ಮಾನಕ್ಕೆ ಹನ್ನೆರಡು ಮಂದಿ ಸಾಧಕರು, ಸಂಘದ ಬಳಿ ಇದ್ದದ್ದು ಒಂದೇ ಮೈಸೂರು ಪೇಟ. ಇದು ಸಭಿಕರಿಗೆ ಗೊತ್ತಾದರೆ ಸಂಘದ ಮಾನ ಹೋಯಿತೆಂದು ಕಾರ್ಯದರ್ಶಿ ತಿಪ್ಪೇಶಪ್ಪನವರು ಮೂರು ದಿನ ಕೂತು ಪರದೆ ಹಿಂದಿನ ವೇಳಾಪಟ್ಟಿ ಬರೆದಿದ್ದರು. ಈಗ ಅದನ್ನು ಮಹಿಳಾ ವಿಭಾಗದ ವಸಂತಕ್ಕನಿಗೆ ಓದಿ ಹೇಳುತ್ತಿದ್ದರು.

“ಐದು ಹತ್ತಕ್ಕೆ ಶಾಸಕರು ಪೇಟ ತೊಡಿಸ್ತಾರೆ. ಐದು ಹನ್ನೊಂದಕ್ಕೆ ಫೋಟೋ. ಹನ್ನೆರಡಕ್ಕೆ ಸಾಧಕರು ಎಡಗಡೆ ಇಳೀತಾರೆ. ನೀವು ಪೇಟ ತೆಗೆದು, ಪರದೆ ಹಿಂದಿನಿಂದ ಓಡಿ, ಬಲಗಡೆ ತಟ್ಟೇಲಿ ಇಡಬೇಕು. ಹದಿಮೂರಕ್ಕೆ ಮುಂದಿನವರು.”

“ಹನ್ನೊಂದು ಸಲ ಓಡಿದ್ಮೇಲೆ ಸನ್ಮಾನ ನನಗೇ ಮಾಡ್ಬೇಕಾಗುತ್ತೆ ಬಿಡಿ. ಅಲ್ಲಾ, ಒಬ್ಬೊಬ್ಬರ ತಲೆ ಒಂದೊಂದು ಅಳತೆ ಇರುತ್ತಲ್ಲಾ?”

“ಸಾಧಕರು ಹೊಂದ್ಕೋತಾರೆ.”

ಪರದೆ ಹಿಂದೆ ಸಾಧಕರ ಸಾಲಿನಲ್ಲಿ ಮೊದಲು ನಿಂತಿದ್ದ ಹಿರಿಯ ತಬಲಾ ಮೇಷ್ಟ್ರು ಮೆಲ್ಲಗೆ ಕೇಳಿದರು: “ಮನೆಯವಳು ಮುಂದಿನ ಸಾಲಲ್ಲೇ ಕೂತಿದ್ದಾಳೆ. ಹತ್ತಿರ ಹೋಗಿ ಒಂದ್ಸಲ ತೋರಿಸಿ, ಆಮೇಲೆ ವಾಪಸ್ ಕೊಟ್ರೆ ಆಗಲ್ವಾ?”

“ಫೋಟೋ ಕಳಿಸ್ತೀವಿ ಮೇಷ್ಟ್ರೇ. ಪಟ್ಟಿಯಲ್ಲಿ ಅದಕ್ಕೆ ನಿಮಿಷ ಇಲ್ಲ.”

ವಸಂತಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎರಡು ಸಲ ಓಡಿ ನೋಡಿದರು. ಲೆಕ್ಕ ಒಂದು ನಿಮಿಷವೂ ತಪ್ಪಲಿಲ್ಲ. ತಿಪ್ಪೇಶಪ್ಪನವರು ನೆಮ್ಮದಿಯ ಉಸಿರು ಬಿಟ್ಟು ಶಾಸಕರನ್ನು ಎದುರುಗೊಳ್ಳಲು ಹೋದರು.

ಶಾಸಕರು ಬಂದಿದ್ದು ಅರ್ಧ ಗಂಟೆ ತಡವಾಗಿ. ದೀಪ ಹಚ್ಚಿ, ನೇರ ಮೈಕಿನ ಮುಂದೆ ನಿಂತರು.

“ನಂಗಿನ್ನೂ ಎರಡು ಆರತಕ್ಷತೆಗೆ ಹೋಗೋದಿದೆ. ಹನ್ನೆರಡೂ ಜನ ಒಳಗೇ ಪೇಟ ಹಾಕ್ಕೊಂಡು ಒಟ್ಟಿಗೆ ಬಂದ್ಬಿಡಿ, ಒಂದೇ ಫೋಟೋ ತೆಗೆಸ್ಕೊಳ್ಳೋಣ.”